ಸಮುದ್ರದಿಂದ ಎಣಿಸಿದ ಎತ್ತರ

ಬಳ್ಳಾರಿ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರ ಹೆಸರಿನ ಜೊತೆಗೆ ಒಂದು ಅಂಕಿ ಬರೆದಿರುತ್ತದೆ. ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎತ್ತರ ಎಂಬ ಲೆಕ್ಕ ಅದು. ನಾನೂರಕ್ಕೂ ಮೇಲಿನ ಅಂಕಿ. ಸಮುದ್ರದ ಗಾಳಿಯೂ ಸುಳಿಯದ ಊರಿಗೆ ಸಮುದ್ರದ ಲೆಕ್ಕ ಯಾಕೆ ಬೇಕು ಎಂದು ನಾವು ಹುಡುಗರಾಗಿದ್ದಾಗ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆ ಲೆಕ್ಕಕ್ಕೂ ಒಂದು ಸೊನ್ನೆ ಬೇಕಲ್ಲ, ಅದನ್ನು ಎಲ್ಲಿ ಹಿಡಿದರು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಬ್ರಿಟಿಷರ ಕಾಲದ ಸರ್ವೆಯವರು ಕರಾಚಿಯಿಂದ ಒಡಿಶಾ ತೀರದವರೆಗೆ ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರ ಇಳಿತ ಅಳೆದು, ಸರಾಸರಿ ತೆಗೆದು, 1909ರ ಹೊತ್ತಿಗೆ ದೇಶಕ್ಕೆಲ್ಲ ಒಂದು ಸೊನ್ನೆ ಗೊತ್ತುಮಾಡಿದರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಅಂದರೆ ಬಾದನಹಟ್ಟಿಯ ಭತ್ತದ ಗದ್ದೆ ಎಷ್ಟು ಎತ್ತರದಲ್ಲಿದೆ ಎಂಬ ತೀರ್ಮಾನದಲ್ಲಿ ಕಾರವಾರದ ಅಲೆಗಳ ಪಾಲೂ ಇದೆ.

ಬಾದನಹಟ್ಟಿ ಕುರುಗೋಡಿಗೆ ಹತ್ತಿರದ ಊರು. ಕಪ್ಪು ನೆಲ, ತುಂಗಭದ್ರೆಯ ಕಾಲುವೆ, ಭತ್ತ, ಮೆಣಸಿನಕಾಯಿ. ಬಯಲಿನ ಅಂಚಿಗೆ ಕುರುಗೋಡಿನ ಬೆಟ್ಟಗಳು. ನಮ್ಮ ಕಡೆಯ ಬೆಟ್ಟ ಏನನ್ನೂ ಮುಚ್ಚಿಡುವುದಿಲ್ಲ. ಬುಡದಲ್ಲಿ ನಿಂತವನಿಗೆ ತುದಿ ಕಾಣುತ್ತದೆ. ತುದಿಯಲ್ಲಿ ನಿಂತವನಿಗೆ ಬುಡದಲ್ಲಿ ಬಿಟ್ಟುಬಂದ ಸೈಕಲ್ಲು ಕಾಣುತ್ತದೆ. ಇನ್ನೂರೈವತ್ತು ಕೋಟಿ ವರ್ಷದ ಗ್ರಾನೈಟು ಸವೆದು, ಸೀಳಿ, ಗುಂಡಾಗಿ ಒಂದರ ಮೇಲೊಂದು ಕೂತಿರುತ್ತದೆ. ಗುಂಡುಗಳ ಸಂದಿಯಲ್ಲಿ ಜಾಲಿ, ಕಾರೆ, ಸೀತಾಫಲ. ಆಗೊಮ್ಮೆ ಈಗೊಮ್ಮೆ ಕರಡಿ. ಏಕಶಿಲೆಯ ದೊಡ್ಡಬಸವನಿಗೆ ಕೈಮುಗಿದು, ಕೋಟೆಯ ಗೋಡೆ ಹಿಡಿದು ಏರಿದರೆ ಎಲ್ಲಿ ಕಾಲಿಡಬೇಕು ಎಂಬುದನ್ನು ಕಲ್ಲೇ ಹೇಳುತ್ತದೆ. ಹತ್ತುವುದೆಂದರೆ ಇಷ್ಟೇ ಎಂದುಕೊಂಡು ಬೆಳೆದವರು ನಾವು.

ಹಳಬರೂ ಹತ್ತಿದ್ದಾರೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡದ ಮೇಲೆ ನವಶಿಲಾಯುಗದ ಜನ ಕರಿಕಲ್ಲು ಒಡೆದು, ಉಜ್ಜಿ, ಕೊಡಲಿ ಮಾಡುತ್ತಿದ್ದರು. ಕಾರ್ಖಾನೆಯೆಂದೇ ಕರೆಯಬಹುದಾದಷ್ಟು ದೊಡ್ಡ ಕೆಲಸ ಅದು. ಅಲ್ಲಿಯ ಕೆಲವು ಬಂಡೆಗಳನ್ನು ಬಡಿದರೆ ಇಂದಿಗೂ ಗಂಟೆಯಂತೆ ನಾದ ಬರುತ್ತದೆ. ಹೈದರಾಲಿಯ ಕಾಲದ ಕಥೆಯೊಂದನ್ನು ಬಳ್ಳಾರಿಯಲ್ಲಿ ಇನ್ನೂ ಹೇಳುತ್ತಾರೆ: ಕೋಟೆಗೆ ಹೊಸ ರೂಪ ಕೊಟ್ಟ ಫ್ರೆಂಚ್ ಎಂಜಿನಿಯರನನ್ನು ನವಾಬ ಕೋಟೆಯ ಬಾಗಿಲಲ್ಲೇ ನೇಣಿಗೆ ಹಾಕಿಸಿದನಂತೆ, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂದು ಆಮೇಲೆ ಗೊತ್ತಾಯಿತು ಎಂಬ ಕಾರಣಕ್ಕೆ. ನಿಜವೋ ಸುಳ್ಳೋ, ಎತ್ತರದ ಲೆಕ್ಕಕ್ಕೆ ತಲೆ ಹೋಗುತ್ತದೆ ಎಂದು ಬಳ್ಳಾರಿಯವರಿಗೆ ಆಗಲೇ ತಿಳಿದಿತ್ತು.

ಆದರೆ ನಮ್ಮ ಲೆಕ್ಕದಲ್ಲಿ ಒಂದು ಕಸರು ಇದೆ. ನಾವು ಎಷ್ಟೇ ಹತ್ತಿದರೂ ನಾನೂರು ಮೀಟರಿನ ಮೇಲೆ ನಿಂತೇ ಶುರುಮಾಡುತ್ತೇವೆ. ಕೆಳಗಿನದನ್ನು ಭೂಮಿಯೇ ಹತ್ತಿಸಿಕೊಟ್ಟಿರುತ್ತದೆ. ಸೊನ್ನೆಯಿಂದ ಒಂದು ಬೆಟ್ಟ ಹತ್ತಬೇಕು, ಕಾಲು ಉಪ್ಪುನೀರಿನಲ್ಲಿ ಅದ್ದಿಯೇ ಹೊರಡಬೇಕು ಎಂಬ ಆಸೆಗೆ ಬೈಂದೂರು ಕೊಡಚಾದ್ರಿಯ ಜೋಡಿ ಸರಿಯಾಗಿ ಸಿಕ್ಕಿತು. ಬೈಂದೂರು ಉಡುಪಿ ಜಿಲ್ಲೆಯ ಸಣ್ಣ ಕಡಲೂರು, ಈಚೆಗೆ ತಾಲ್ಲೂಕು ಕೇಂದ್ರವಾಗಿದೆ. ಅಲ್ಲಿಂದ ಒಳಕ್ಕೆ ಮೂವತ್ತು ಕಿಲೋಮೀಟರಿನ ಒಳಗೆ ಕೊಲ್ಲೂರು. ಕೊಲ್ಲೂರಿನ ನೆತ್ತಿಯ ಮೇಲೆ 1,343 ಮೀಟರಿನ ಕೊಡಚಾದ್ರಿ.

ಜೊತೆಗೆ ಬಂದವನು ನನ್ನ ಅಕ್ಕನ ಮಗ. ಈಗ ಅವನದು ಮೆಣಸಿನಕಾಯಿ ವ್ಯಾಪಾರ. ಒಂದು ಕಾಲಕ್ಕೆ ಅದಿರಿನ ಲಾರಿ ಓಡಿಸುತ್ತಿದ್ದ.

ಬಸ್ಸು ಹೊಸಪೇಟೆ, ಹರಿಹರ, ಹೊನ್ನಾಳಿ, ಶಿವಮೊಗ್ಗ ಎಂದು ಸಾಗುವಾಗ ಒಂದು ಸಂಗತಿ ಗಮನಕ್ಕೆ ಬಂತು. ಹಾದಿಯುದ್ದಕ್ಕೂ ನಾವು ನಮ್ಮೂರ ನೀರಿಗೆ ಎದುರಾಗಿ ಹೋಗುತ್ತಿದ್ದೆವು. ಹೊಸಪೇಟೆಯಲ್ಲಿ 1945ರಲ್ಲಿ ಕಟ್ಟಲು ತೊಡಗಿ 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟು ಕಿತ್ತುಹೋದಾಗ ನಮ್ಮ ಸೀಮೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಹರಿಹರ, ಹೊನ್ನಾಳಿಯಲ್ಲಿ ತುಂಗಭದ್ರೆ ಒಂದೇ ಹೊಳೆ. ಕೂಡ್ಲಿಯಲ್ಲಿ ಅದು ಎರಡಾಗುತ್ತದೆ. ಶಿವಮೊಗ್ಗಕ್ಕೆ ಬಂದರೆ ಬರೀ ತುಂಗೆ. ತುಂಗೆ ಭದ್ರೆಯರ ಮೂಲ ಗಂಗಾಮೂಲ. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ಕಡಲು ಹತ್ತಿರವಿದ್ದೂ ಅದಕ್ಕೆ ಬೆನ್ನುಕೊಟ್ಟು ನೂರಾರು ಮೈಲಿ ಮೂಡಲಿಗೆ ಹರಿದು ಬಾದನಹಟ್ಟಿಗೆ ಬರುವ ದರ್ದು ತುಂಗೆ ಭದ್ರೆಯರಿಗೆ ಇರಲಿಲ್ಲ. ಬೆಟ್ಟದ ಓಟ ಹಾಗಿತ್ತು, ಬಂದರು.

ರಿಪ್ಪನ್‌ಪೇಟೆ, ಹೊಸನಗರ ದಾಟುವಷ್ಟರಲ್ಲಿ ನಾವು ಶರಾವತಿಯ ಸೀಮೆಯಲ್ಲಿದ್ದೆವು. ಇಲ್ಲಿಂದ ಮುಂದೆ ನೀರೆಲ್ಲ ಪಡುವಣಕ್ಕೆ. ನಗರ, ನಿಟ್ಟೂರು, ನಾಗೋಡಿ, ಘಾಟಿ ಇಳಿದು ಕೊಲ್ಲೂರು, ಆಮೇಲೆ ಬೈಂದೂರು.

ಬೈಂದೂರಿನಲ್ಲಿ ಮೊದಲು ಹತ್ತಿದ್ದು ಒತ್ತಿನೆಣೆ. ಬೆಟ್ಟವೆಂದು ಕರೆಯಲು ಬಳ್ಳಾರಿಯವನ ನಾಲಿಗೆ ತಡವರಿಸುತ್ತದೆ, ಅಷ್ಟು ಗಿಡ್ಡ ಗುಡ್ಡ. ನಮ್ಮ ಗದ್ದೆಗಿಂತ ಎಷ್ಟೋ ತಗ್ಗಿನಲ್ಲಿದೆ. ಆದರೂ ಕೆಳಗೆ ಸೋಮೇಶ್ವರದ ಮರಳಿನಲ್ಲಿ ಕಾಲು ತೊಳೆದು ಮೇಲಕ್ಕೆ ಬಂದು ನಿಂತಾಗ, ಹತ್ತಿದ ಒಂದೊಂದು ಮೀಟರೂ ನಮ್ಮದೇ ಸಂಪಾದನೆ ಎಂಬ ಸುಖವಿತ್ತು. ಗುಡ್ಡದ ಮೈಯೆಲ್ಲ ಮುರಕಲ್ಲು. 1801ರಲ್ಲಿ ಈ ಕರಾವಳಿಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ನೋಡಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ನೆಲದೊಳಗೆ ಮೆತ್ತಗೆ, ಕಡಿದು ಗಾಳಿಗೆ ಬಿಟ್ಟರೆ ಗಟ್ಟಿ. ಲಕ್ಷಾಂತರ ವರ್ಷ ಮಳೆ ಸುರಿದು ಕರಗುವುದೆಲ್ಲ ಕರಗಿಹೋದ ಮೇಲೆ ಉಳಿಯುವ ಕಬ್ಬಿಣ ಮತ್ತು ಅಲ್ಯುಮಿನಿಯಂ ಅದಕ್ಕೆ ಆ ಗುಣ ಕೊಟ್ಟಿವೆ. ಕೆಂಪು ಬಣ್ಣ ಬಂದದ್ದು ಕಬ್ಬಿಣದ ತುಕ್ಕಿನಿಂದ. ನಮ್ಮ ಕಡೆಯ ಗಣಿಯೂರು ಸಂಡೂರಿನ ಧೂಳೂ ಅದೇ ಕೆಂಪು. ಅಳಿಯ ಒಂದು ಚೂರು ಎತ್ತಿ ಉಜ್ಜಿ, ಬೆರಳು ನೋಡಿಕೊಂಡು, ಪ್ಯಾಂಟಿಗೆ ಒರೆಸಿದ. "ಈ ಕಲೆ ಹೋಗಲ್ಲ ಮಾವ, ನಂಗೊತ್ತು" ಅಂದ.

ಹೆದ್ದಾರಿಯನ್ನು ನಾಲ್ಕು ಪಥ ಮಾಡಲು ಒತ್ತಿನೆಣೆಯನ್ನು ಕಡಿದಿದ್ದಾರೆ. ಕಡಿದ ಮೈ ಮಳೆಗಾಲದಲ್ಲಿ ರಸ್ತೆಗೆ ಜರಿದು ಬಿದ್ದದ್ದೂ ಉಂಟು. ಇದೇ ಹೆದ್ದಾರಿಯಲ್ಲಿ ಬಡಗಣಕ್ಕೆ ಹೋದರೆ ಅಂಕೋಲಾ ತಾಲ್ಲೂಕಿನ ಶಿರೂರು; 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಚಹಾದಂಗಡಿಯೂ ಲಾರಿಯೂ ಮನುಷ್ಯರೂ ಗಂಗಾವಳಿ ನದಿಯ ಪಾಲಾದರು. ಗ್ರಾನೈಟಿನ ಬೆಟ್ಟ ನಮ್ಮ ಅವಿವೇಕವನ್ನು ಬಹಳ ದಿನ ತಡೆದುಕೊಳ್ಳುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಷ್ಟು ತಾಳ್ಮೆ ಇಲ್ಲ.

ಹೆದ್ದಾರಿ ಬದಿಯಲ್ಲಿ ಚಹಾ ಕುಡಿಯುವಾಗ ಅಂಗಡಿಯವರು ನಮ್ಮ ಮಾತಿನ ವರಸೆ ಕೇಳಿ ಊರು ವಿಚಾರಿಸಿದರು. "ಹ್ವಾಯ್, ಬಳ್ಳಾರಿಂದ ಇಲ್ಲಿಗೆ ಗುಡ್ಡಿ ಹತ್ತುಕ್ ಬಂದದ್ದಾ? ನಿಮ್ಮಲ್ ಗುಡ್ಡಿ ಇಲ್ಯಾ ಮಾರ್ರೆ?"

"ಅದಾವ್ರಿ" ಅಂದ ಅಳಿಯ. "ಸ್ವಲ್ಪ ಕಮ್ಮಿ ಆಗ್ಯಾವ."

ಅವನು ನಗಲಿಲ್ಲ. ಅವರೂ ನಗಲಿಲ್ಲ. ಅದಿರಿನ ಲಾರಿಗಳ ಸಾಲನ್ನು ಕರಾವಳಿಯವರೂ ಸಾಕಷ್ಟು ಕಂಡಿದ್ದಾರೆ. 2003ರಿಂದ 2010ರವರೆಗಿನ ಆ ವರ್ಷಗಳಲ್ಲಿ ಚೀನಾಕ್ಕೆ ಎಷ್ಟು ಕಬ್ಬಿಣ ಕಳಿಸಿದರೂ ಸಾಲದು. ಸಂಡೂರು, ಹೊಸಪೇಟೆಯಿಂದ ಹೊರಟ ಲಾರಿಗಳು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿದು ಅಂಕೋಲಾದ ಬೇಲೆಕೇರಿ ಬಂದರಿಗೆ ಸಾಲುಗಟ್ಟುತ್ತಿದ್ದವು. ಕಡೆಗೆ ಅರಣ್ಯ ಇಲಾಖೆ ಜಪ್ತಿ ಮಾಡಿ ಇಟ್ಟಿದ್ದ ಅದಿರೇ ಆ ಬಂದರಿನಿಂದ ಕಾಣೆಯಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಮುಖ್ಯಮಂತ್ರಿ ಕುರ್ಚಿ ಬಿಟ್ಟರು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ನನಗೆ ಗೊತ್ತಿಲ್ಲದಿದ್ದ ಒಂದು ಮಾತನ್ನು ಅಳಿಯ ಅವತ್ತು ಸಂಜೆ ಸೋಮೇಶ್ವರದ ದಂಡೆಯಲ್ಲಿ ಹೇಳಿದ.

"ಬೇಲೆಕೇರಿಗೆ ಎಷ್ಟು ಸಲ ಹೋಗೀನೋ ಲೆಕ್ಕ ಇಲ್ಲ ಮಾವ. ಸಮುದ್ರ ಮಾತ್ರ ನೋಡಿಲ್ಲ. ರಾತ್ರಿ ಮುಟ್ಟೋದು, ಪಾಳಿ ಬರೋತನ ಕ್ಯಾಬಿನ್‌ದಾಗ ಮಲಗೋದು, ಸುರಿಯೋದು, ರಶೀದಿ ಇಸ್ಕಂಡು ಗಾಡಿ ತಿರುಗಿಸೋದು. ಇನ್ನೊಂದು ಟ್ರಿಪ್ ಹೊಡೀಬೇಕಲ್ಲ."

ಬೆಟ್ಟವನ್ನು ಕಡಲಿಗೆ ಮುಟ್ಟಿಸಿ ಬಂದವನು ಕಡಲು ಕಂಡದ್ದು ಹದಿನೈದು ವರ್ಷದ ಮೇಲೆ, ಮಾವನ ಜೊತೆ ಕೊಡಚಾದ್ರಿ ಹತ್ತಲು ಹೊರಟಾಗ.

ಕೊಡಚಾದ್ರಿಗೆ ಹೋಗುವ ಬಹುಪಾಲು ಜನ ಕೊಲ್ಲೂರಿನಲ್ಲಿ ಜೀಪು ಹಿಡಿಯುತ್ತಾರೆ. ನಿಟ್ಟೂರು, ಕಟ್ಟಿನಹೊಳೆ ಸುತ್ತಿಕೊಂಡು ಹೋಗುವ ಆ ಹಾದಿಯ ಕೊನೆಯ ಭಾಗವನ್ನು ರಸ್ತೆಯೆಂದು ಕರೆಯುವುದು ದೊಡ್ಡ ಮನಸ್ಸಿನ ಮಾತು. ಜೀಪಿನವರ ಕೈಚಳಕ ಮೆಚ್ಚುವಂಥದ್ದೇ. ಆದರೆ ಜೀಪು ಏರಿದವನು ಬೆಟ್ಟವನ್ನು ನೋಡುವುದಿಲ್ಲ, ಎದುರಿನ ಸೀಟಿನ ಕಂಬಿಯನ್ನು ನೋಡುತ್ತಾನೆ. ನಾವು ನಾಗೋಡಿ ರಸ್ತೆಯ ಕಾರೆಕಟ್ಟೆಯಿಂದ ಕಾಡಿನ ಹಾದಿ ಹಿಡಿದೆವು.

ಮೊದಲ ಕೆಲವು ತಾಸು ಬೆಟ್ಟ ಕಾಣಲೇ ಇಲ್ಲ. ನನ್ನಂಥ ಬಯಲುಸೀಮೆಯವನಿಗೆ ಇದೊಂದು ಕಸಿವಿಸಿ. ಹತ್ತುತ್ತಿದ್ದೇವೆ ಎಂದು ಮೊಣಕಾಲು ಹೇಳುತ್ತದೆ, ಕಣ್ಣು ಒಪ್ಪುವುದಿಲ್ಲ. ಎಲ್ಲ ಕಡೆ ಮರ. ಮರದ ಮೇಲೆ ಬಳ್ಳಿ. ಬಳ್ಳಿಯ ಮೇಲೆ ಪಾಚಿ. ಬಿಸಿಲು ಮೇಲೆಲ್ಲೋ ಎಲೆಗಳಿಗೇ ಖರ್ಚಾಗಿ ನೆಲಕ್ಕೆ ಚಿಲ್ಲರೆ ಮಾತ್ರ ಉದುರುತ್ತಿತ್ತು. ಕುರುಗೋಡಿನ ಬೆಟ್ಟದಲ್ಲಿ ದಾರಿ ತಪ್ಪಲು ಪ್ರಯತ್ನಪಡಬೇಕು; ಇಲ್ಲಿ ತಪ್ಪದಿರಲು ಪಡಬೇಕು. ಮಳೆಗಾಲ ಮುಗಿದು ಬಹಳ ದಿನವಾಗಿದ್ದರೂ ತೊರೆಗಳ ಹತ್ತಿರ ಇಂಬಳಗಳಿದ್ದವು. ಅಳಿಯ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡೇ ಬಂದಿದ್ದ; ಲಾರಿಯವರಿಗೆ ಎಲ್ಲ ಊರಿನ ಮದ್ದೂ ಗೊತ್ತಿರುತ್ತದೆ. ಕಾಡಿನ ನಡುವೆ ವಳೂರಿನಲ್ಲಿ ಒಂದು ಸಣ್ಣ ಹೋಟೆಲು ಸಿಕ್ಕಿತು. ಅವಲಕ್ಕಿ, ಕಡಲೆ, ಬೆಲ್ಲ ಜಾಸ್ತಿಯಾದ ಚಹಾ. ಅಲ್ಲಿಂದ ಮೇಲೆ ಏರು ಶುರು. ಮರಗಳು ಗಿಡ್ಡವಾಗುತ್ತ, ಒಂದು ತಿರುವಿನಲ್ಲಿ ಕಾಡು ಸಟಕ್ಕನೆ ಮುಗಿದು ಹುಲ್ಲುಗಾವಲು ಬಂತು. ತುದಿ ಕಂಡಿತು. ನನಗೆ ಜೀವ ಬಂತು.

ಶಿಖರಕ್ಕಿಂತ ಸ್ವಲ್ಪ ಕೆಳಗೆ ಮೂಲ ಮೂಕಾಂಬಿಕೆಯ ಗುಡಿ. ಅದರ ಬಳಿ ಆಕಾಶಕ್ಕೆ ಚುಚ್ಚಿ ನಿಂತ ಒಂದು ಕಬ್ಬಿಣದ ಕಂಬ. ಸುಮಾರು 40 ಅಡಿ ಎನ್ನುತ್ತಾರೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಇದೇ ಎಂಬುದು ಭಕ್ತರ ನಂಬಿಕೆ. ಲೋಹವಿಜ್ಞಾನಿಗಳು ಇದನ್ನು ಪರೀಕ್ಷಿಸಿ, ಕಾರ್ಖಾನೆಯ ಉಕ್ಕಲ್ಲ, ಇದ್ದಿಲಿನ ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ಹಳೆಯ ಕಾಲದ ಕಬ್ಬಿಣ ಎಂದಿದ್ದಾರೆ. ವರ್ಷಕ್ಕೆ ನಾಲ್ಕೈದು ತಿಂಗಳು ಮಳೆಯಲ್ಲೂ ಮಂಜಿನಲ್ಲೂ ನೆನೆಯುವ ಜಾಗ ಇದು. ಇದೇ ಘಟ್ಟಸಾಲಿನ ಆಗುಂಬೆಗೆ ವರ್ಷಕ್ಕೆ ಬೀಳುವ ಮಳೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ. ನಮ್ಮ ಬಳ್ಳಾರಿಗೆ ಐನೂರು ಬಿದ್ದರೆ ಆ ವರ್ಷ ದೇವರು ದೊಡ್ಡವನು. ಇಂಥ ತೇವದಲ್ಲಿ ನಿಂತೂ ಕಂಬ ಕರಗಿಹೋಗಿಲ್ಲ. ಮೈಮೇಲೆ ಒಂದು ಪದರ ತುಕ್ಕು ಹಿಡಿದು, ಆ ಪದರವೇ ಒಳಗಿನದನ್ನು ಕಾಪಾಡಿಕೊಂಡು ಬಂದಿದೆ.

ಅಳಿಯ ಬೆರಳ ಗೆಣ್ಣಿನಿಂದ ಅದನ್ನು ಎರಡು ಸಲ ತಟ್ಟಿ ಕೇಳಿಸಿಕೊಂಡ. ಟಯರಿನ ಗಾಳಿ ನೋಡುವ ಅಭ್ಯಾಸ ಹಾಗೇ ಉಳಿದಿತ್ತೇನೋ.

"ಇಷ್ಟೆತ್ತರಕ್ಕೆ ಇದನ್ನ ಹೆಂಗ ಹೊತ್ತರು ಮಾವ? ನಾವು ಬರೇ ಇಳಿಸಿದ್ವಿ. ಹತ್ತಿಸಿದ್ದು ನೋಡೇ ಇಲ್ಲ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಗುಡಿಯ ಭಟ್ಟರ ಮನೆಯಲ್ಲಿ ಊಟ ಸಿಕ್ಕಿತು: ಅನ್ನ, ಸಾರು, ಮಜ್ಜಿಗೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೆಲ್ಲ ಕೇರಳದವರು. ಶಂಕರಾಚಾರ್ಯರು ದೇವಿಯನ್ನು ಮಲೆಯಾಳ ದೇಶಕ್ಕೆ ಕರೆದೊಯ್ಯುತ್ತಿದ್ದಾಗ, ಹಿಂದಿರುಗಿ ನೋಡಬಾರದೆಂಬ ಕರಾರು ಮುರಿದದ್ದರಿಂದ ಆಕೆ ಕೊಲ್ಲೂರಿನಲ್ಲೇ ನಿಂತಳೆಂಬ ಕಥೆ ಅವರಿಗೆ ಬಾಯಿಪಾಠ. ನಿಂತ ದೇವಿಯನ್ನು ನೋಡಲು ಅವರೇ ಅಂದಿನಿಂದ ಬರುತ್ತಿದ್ದಾರೆ.

ಗುಡಿಯಿಂದ ಸರ್ವಜ್ಞಪೀಠಕ್ಕೆ ಏಣಿನ ಮೇಲಿನ ನಡಿಗೆ. ಎರಡೂ ಕಡೆ ಇಳಿಜಾರು, ನಡುವೆ ಕೆಂಪು ಕಾಲುದಾರಿ, ಕಣಿವೆಯ ಮಡಿಲುಗಳಲ್ಲಿ ಮಾತ್ರ ದಟ್ಟ ಶೋಲಾ ಕಾಡು. ತುದಿಯಲ್ಲಿ ಶಂಕರರು ಧ್ಯಾನಕ್ಕೆ ಕೂತಿದ್ದರೆಂದು ಹೇಳುವ ಪುಟ್ಟ ಕಲ್ಲಿನ ಮಂಟಪ. ಇಲ್ಲಿಂದ ಪಡುವಣಕ್ಕೆ ನೋಡಿದರೆ ಘಟ್ಟ ಒಮ್ಮೆಲೇ ಕಳಚಿಬಿದ್ದ ಹಾಗೆ ಇಳಿಯುತ್ತದೆ. ಮಬ್ಬು ಸರಿದಾಗ ದೂರದಲ್ಲಿ ಒಂದು ಬಿಳಿಯ ಗೆರೆ, ಅದರಾಚೆ ಕಡಲು. ನಾವು ಕಾಲು ಅದ್ದಿ ಹೊರಟ ಸೊನ್ನೆ ಕಣ್ಣೆದುರಿಗೇ ಇತ್ತು. ಅಲ್ಲಿಂದ ಇಲ್ಲಿಗೆ 1,343 ಮೀಟರು. ಕುರುಗೋಡಿನ ತುದಿಯಲ್ಲಿ ನಿಂತು ನಾನು ಎಂದೂ ಹೀಗೆ ಎತ್ತರದ ಎರಡೂ ತುದಿ ನೋಡಿರಲಿಲ್ಲ.

ಮೂಡಲಿಗೆ ತಿರುಗಿದರೆ ಹಿನ್ನೀರುಗಳು, ಮಡಿಕೆ ಮಡಿಕೆ ಮಲೆ. ನಮ್ಮ ಕಡೆಗೆ ಬರುವ ನೀರು ಇಲ್ಲಿ ಹುಟ್ಟುವುದಿಲ್ಲ. ಚಕ್ರಾ, ಸೌಪರ್ಣಿಕೆಯರು ಇಲ್ಲಿಂದ ನೇರ ಪಡುವಣಕ್ಕೆ ಇಳಿಯುತ್ತಾರೆ. ನಮ್ಮದು ತೆಂಕಣಕ್ಕೆ ಹೋದರೆ ಸಿಗುವ ಆಗುಂಬೆಯ ಮಾಲತಿ, ಅದಕ್ಕೂ ಆಚೆ ತುಂಗೆ, ಭದ್ರೆ. ಆದರೆ ಏರ್ಪಾಡು ಎಲ್ಲೆಡೆ ಒಂದೇ. ಕಡಲು ಮೋಡವಾಗಿ ಬಂದು ಈ ಗೋಡೆಗೆ ಬಡಿದು ಸುರಿಯುತ್ತದೆ. ಅಲ್ಲಿ ಏಣಿನ ಈಚೆಗೆ ಬಿದ್ದದ್ದು ಕಾಲುವೆ ಸೇರಿ ಬಾದನಹಟ್ಟಿಯಲ್ಲಿ ಅನ್ನವಾಗುತ್ತದೆ. ಕಡಲು ಇಷ್ಟು ಎತ್ತರಕ್ಕೆ ನೀರು ಹೊತ್ತುಕೊಟ್ಟು ನಮ್ಮನ್ನು ಸಾಕಿತು. ಬದಲಿಗೆ ನಾವು ಅದಕ್ಕೆ ಕಳಿಸಿದ್ದು ಸಂಡೂರಿನ ಬೆಟ್ಟವನ್ನು. ಇದು ನ್ಯಾಯವಾದ ವ್ಯಾಪಾರವಲ್ಲ, ಮೆಣಸಿನಕಾಯಿ ವ್ಯಾಪಾರಿಯೂ ಒಪ್ಪುವುದಿಲ್ಲ.

ಕುದುರೆಮುಖದಲ್ಲೂ ಇದೇ ನಡೆದಿತ್ತು. ಭದ್ರೆಯ ತಲೆಯ ಮೇಲೇ ಅದಿರು ಅಗೆದು, ನೀರಿನಲ್ಲಿ ಕದಡಿ, ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ಹೊಳೆ ಕಣಿವೆಯ ಜನ ವರ್ಷಗಟ್ಟಲೆ ಹೋರಾಡಿ ನಿಲ್ಲಿಸಿದರು. ಆ ಹೋರಾಟದಲ್ಲಿ ನಾವು ಬಳ್ಳಾರಿಯ ಕಾಲುವೆಯವರು ಎಷ್ಟು ಜನ ಇದ್ದೆವೆಂದು ಕೇಳಿದರೆ ತಲೆ ತಗ್ಗಿಸಬೇಕು. ಕುದುರೆಮುಖವನ್ನು ಅಗೆದ ಕಂಪನಿಯೇ ಈಗ ಸಂಡೂರಿನ ದೇವದಾರಿ ಬೆಟ್ಟವನ್ನು ಕೇಳಿದೆ. ಗಣಿ ಬಂದರೆ ಸುಮಾರು 99 ಸಾವಿರ ಮರ ಹೋಗುತ್ತವೆ ಎಂಬ ಮಾತು 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು. ನಮ್ಮ ಸೀಮೆಯಲ್ಲಿ ನಿತ್ಯಹಸಿರಲ್ಲದಿದ್ದರೂ ಕಾಡು ಎನ್ನಬಹುದಾದದ್ದು ಉಳಿದಿರುವುದು ಅಲ್ಲೇ. ಹಿಂದೊಮ್ಮೆ ಬಳ್ಳಾರಿಯ ಗಡಿಯಲ್ಲಿ ಅಗೆತದ ಭರಾಟೆಗೆ ಎರಡು ರಾಜ್ಯಗಳ ನಡುವಿನ ಗಡಿಗುರುತುಗಳೇ ಅಳಿಸಿಹೋಗಿ, ಸರ್ವೆ ಆಫ್ ಇಂಡಿಯಾದವರು ಬಂದು ಮತ್ತೆ ಅಳೆಯಬೇಕಾಯಿತು. ಕಾರವಾರದಲ್ಲಿ ಸೊನ್ನೆ ಹಿಡಿದ ಇಲಾಖೆಯೇ ಅದು.

ಇಳಿಯುವಾಗ ಮಾತು ಕಡಿಮೆ. ಕೆಳಗಿನ ಕಾಡಿಗೆ ಬರುವಷ್ಟರಲ್ಲಿ ನನ್ನ ಮೊಣಕಾಲು ಮುಷ್ಕರ ಹೂಡಿತ್ತು. ಅಳಿಯ ದಾರಿಯಲ್ಲಿ ಬಿದ್ದ ನೀರಿನ ಬಾಟಲಿ, ಕುರುಕಲು ತಿಂಡಿಯ ಚೀಟಿಗಳನ್ನು ಹೆಕ್ಕಿ ಚೀಲಕ್ಕೆ ತುಂಬುತ್ತ ಮುಂದೆ ಹೋಗುತ್ತಿದ್ದ. ಬೆಟ್ಟದಿಂದ ಏನಾದರೂ ಇಳಿಸುವುದಾದರೆ ಇಂಥದ್ದನ್ನು ಇಳಿಸಬೇಕು.

ಕೊಡಚಾದ್ರಿಗೆ ಹೋಗುವವರಿಗೆ ಇಷ್ಟು ಹೇಳಬಹುದು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಮಂಡಿ ಗಟ್ಟಿಯಿದ್ದವರು ಜೀಪು ಬಿಟ್ಟು ನಡೆದೇ ಹತ್ತಿ. ಅದಕ್ಕೂ ಮೊದಲು ಬೈಂದೂರಿಗೆ ಹೋಗಿ ಕಡಲಿಗೆ ಕಾಲು ಕೊಟ್ಟು ಬನ್ನಿ. ಹಾಗೆಯೇ ಮಳೆ ಬಿಟ್ಟ ಮೇಲೆ ಒಮ್ಮೆ ಸಂಡೂರಿಗೂ ಬನ್ನಿ. ದೇವದಾರಿ ಇನ್ನೂ ಇದೆ. ಇರುವಾಗಲೇ ಹತ್ತಿ ನೋಡಿ, ನೋಡಿದ ಮೇಲೆ ಸುಮ್ಮನಿರಬೇಡಿ.